ಕಪ್ಪು ಪರದೆಯಲ್ಲಿ ಜಾಲತಾಣ: ಡಬ್ಲ್ಯೂ3ಎಂ, ಲಿಂಕ್ಸ್ ಮತ್ತು ಕನ್ನಡದ ಪಾಡು

ತಿಪಟೂರು ಮಾರುಕಟ್ಟೆಯ ಉಂಡೆ ಕೊಬ್ಬರಿ ದರ ನೋಡುವವರಿಗೆ ಬೇಕಾದ್ದು ನಾಲ್ಕು ಅಂಕಿ: ಆವಕ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ. ಅಷ್ಟನ್ನು ತೋರಿಸಲು ಈಗಿನ ಸಾಮಾನ್ಯ ಜಾಲಪುಟ ಚಿತ್ರ, ಫಾಂಟು, ಜಾಹೀರಾತು, ಸ್ಕ್ರಿಪ್ಟು ಎಲ್ಲ ಸೇರಿಸಿ ಎರಡು ಎಂಬಿಗೂ ಮೀರಿ ಇಳಿಸುತ್ತದೆ. ಪಾವಗಡದ ಕಡೆಯ ಹಳ್ಳಿಯಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಆ ಪುಟ ಅರ್ಧಕ್ಕೇ ನಿಲ್ಲುತ್ತದೆ, ಬೆಲೆ ಇರುವ ಅರ್ಧ ಬಂದಿರುವುದಿಲ್ಲ. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಪ್ಪು ಪರದೆಯಲ್ಲಿ) ಓಡುವ ಡಬ್ಲ್ಯೂ3ಎಂ, ಲಿಂಕ್ಸ್‌ನಂಥ ಪಠ್ಯ ಬ್ರೌಸರ್‌ಗಳು ಈ ಗೋಜಿಗೇ ಹೋಗುವುದಿಲ್ಲ. ಪುಟದ ಎಚ್‌ಟಿಎಂಎಲ್ (ಪುಟದ ಮೂಲ ಬರಹ) ಒಂದನ್ನೇ ತರಿಸಿಕೊಂಡು ಅದರೊಳಗಿನ ಅಕ್ಷರ, ಕೋಷ್ಟಕ, ಕೊಂಡಿಗಳನ್ನು ತೋರಿಸುತ್ತವೆ. ಚಿತ್ರ ಬರುವುದಿಲ್ಲ, ಜಾವಾಸ್ಕ್ರಿಪ್ಟ್ (ಪುಟದೊಳಗಿನ ಪ್ರೋಗ್ರಾಮು) ಓಡುವುದಿಲ್ಲ. ಎಲ್ಲವೂ ಉಚಿತ ತಂತ್ರಾಂಶ, ಹತ್ತು ಹದಿನೈದು ವರ್ಷದ ಹಳೆಯ ಲ್ಯಾಪ್‌ಟಾಪಿನಲ್ಲೂ ಕ್ಷಣದಲ್ಲಿ ತೆರೆದುಕೊಳ್ಳುತ್ತವೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೂತು ಓದುವುದಕ್ಕೆ, ಅದರಲ್ಲೂ ದರಪಟ್ಟಿಯಂಥ ಕೋಷ್ಟಕಕ್ಕೆ, ಡಬ್ಲ್ಯೂ3ಎಂ. ಸ್ಕ್ರಿಪ್ಟಿನೊಳಗೆ (ಆದೇಶಗಳನ್ನು ಬರೆದಿಟ್ಟ ಕಡತ) ಸೇರಿಸಿ ಪಠ್ಯ ತೆಗೆಯುವುದಕ್ಕೆ, ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಬಳಸುವುದಕ್ಕೆ ಲಿಂಕ್ಸ್. ಉಳಿದವು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕನ್ನಡ ಓದುವವರಿಗೆ ತಕರಾರು ಬರುವುದು ಬ್ರೌಸರ್‌ನಿಂದಲ್ಲ. ಅದು ಬರುವುದು ಟರ್ಮಿನಲ್ ಕನ್ನಡವನ್ನು ಜೋಡಿಸುವ ಬಗೆಯಿಂದ, ಮತ್ತು ಜಾಲತಾಣ ಕಟ್ಟಿದವರು ಎಲ್ಲವನ್ನೂ ಜಾವಾಸ್ಕ್ರಿಪ್ಟಿನ ಮೇಲೆ ಹೊರಿಸಿರುವುದರಿಂದ. ಬ್ರೌಸರ್ ಬದಲಿಸಿ ಬದಲಿಸಿ ಬೇಸತ್ತವರು ಈ ಎರಡನ್ನು ಮೊದಲು ನೋಡಬೇಕು.

ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಹೊಡೆಯಬೇಕು. ಬರಿ ಲಿಂಕ್ಸ್ ಎಂದಿದ್ದರೆ ಎಲ್-ವೈ-ಎನ್-ಎಕ್ಸ್. ಎಲ್-ಐ-ಎನ್-ಕೆ-ಎಸ್ ಎಂಬ ಬೇರೆ ಬ್ರೌಸರನ್ನು ಲಿಂಕ್ಸ್-2 ಎಂದು ಕರೆದಿದೆ. ಹೆಸರು ಕೇಳಿ ಒಂದರ ಬದಲು ಇನ್ನೊಂದನ್ನು ಹಾಕಿಕೊಂಡು "ಹೇಳಿದ ಕೀಲಿ ಕೆಲಸ ಮಾಡ್ತಿಲ್ಲ" ಎನ್ನುವವರು ಕಾಲೇಜು ಲ್ಯಾಬ್‌ಗಳಲ್ಲಿ ಸಿಗುತ್ತಲೇ ಇರುತ್ತಾರೆ.

ಉಬುಂಟು, ಡೆಬಿಯನ್‌ಗಳಲ್ಲಿ (ಲಿನಕ್ಸ್ ಆವೃತ್ತಿಗಳು) ಡಬ್ಲ್ಯೂ3ಎಂ, ಲಿಂಕ್ಸ್ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬಹುದು:

ಸುಡೊ ಆಪ್ಟ್ ಇನ್‌ಸ್ಟಾಲ್ ಡಬ್ಲ್ಯೂ3ಎಂ ಲಿಂಕ್ಸ್

ವಿಂಡೋಸ್ ಇದ್ದವರು ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆರೆದು "ಡಬ್ಲ್ಯೂಎಸ್ಎಲ್ --ಇನ್‌ಸ್ಟಾಲ್" ಕೊಟ್ಟು (ಇದು ವಿಂಡೋಸಿನೊಳಗೆ ಲಿನಕ್ಸ್ ಹಾಕುವ ಆದೇಶ), ಒಮ್ಮೆ ರೀಸ್ಟಾರ್ಟ್ ಮಾಡಿ, ಒಳಗೆ ಬರುವ ಉಬುಂಟುವಿನಲ್ಲಿ ಇದೇ ಆದೇಶ ಕೊಡಬೇಕು. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್ ಇದೆ. ಅದನ್ನು ಎಫ್-ಡ್ರಾಯ್ಡ್‌ನಿಂದ ಇಳಿಸಿಕೊಂಡು "ಪಿಕೆಜಿ ಇನ್‌ಸ್ಟಾಲ್ ಡಬ್ಲ್ಯೂ3ಎಂ" ಕೊಟ್ಟರೆ ಸಾಕು. ಫೋನಿನಲ್ಲಿ ಕಂಟ್ರೋಲ್ ಕೀಲಿ ಎಲ್ಲಿ ಎಂದರೆ, ವಾಲ್ಯೂಮ್ ತಗ್ಗಿಸುವ ಗುಂಡಿಯೇ ಕಂಟ್ರೋಲ್.

ಡಬ್ಲ್ಯೂ3ಎಂ ಜಪಾನಿನ ಅಕಿನೊರಿ ಇತೊ 1995ರಲ್ಲಿ ಬರೆಯಲು ತೊಡಗಿದ್ದು. ಬರಿ ಹೆಸರು ಹೊಡೆದರೆ ಬಳಕೆಯ ಸಾಲುಗಳನ್ನು ತೋರಿಸಿ ಮುಚ್ಚಿಕೊಳ್ಳುತ್ತದೆ, ವಿಳಾಸ ಕೊಡಲೇಬೇಕು. ಪ್ರತಿ ಸಲ ವಿಳಾಸ ಹೊಡೆಯುವುದು ಬೇಡವಾದರೆ, ಟರ್ಮಿನಲ್ ತೆರೆದಾಗೆಲ್ಲ ತಾನಾಗಿ ಓಡುವ ಬ್ಯಾಶ್‌ಆರ್‌ಸಿ ಕಡತದಲ್ಲಿ "ಎಕ್ಸ್‌ಪೋರ್ಟ್ ಡಬ್ಲ್ಯೂಡಬ್ಲ್ಯೂಡಬ್ಲ್ಯೂ_ಹೋಮ್=" ಎಂದು ಬರೆದು ಮುಂದೆ ನಿಮಗೆ ಬೇಕಾದ ಮೊದಲ ಪುಟ ಕೊಡಿ (ಈ ಚರಾಕ್ಷರದ ಹೆಸರು ಪೂರ್ತಿ ದೊಡ್ಡಕ್ಷರ). ಲಿಂಕ್ಸ್ ಕೂಡ ಇದನ್ನೇ ಓದಿಕೊಳ್ಳುತ್ತದೆ.

ಒಳಗೆ ಹೋದ ಮೇಲೆ ಟ್ಯಾಬ್ ಕೀಲಿ ಮುಂದಿನ ಕೊಂಡಿಗೆ ಒಯ್ಯುತ್ತದೆ, ಎಂಟರ್ ತೆರೆಯುತ್ತದೆ, ದೊಡ್ಡ ಬಿ ಹಿಂದಕ್ಕೆ ತರುತ್ತದೆ. ಹೊಸ ವಿಳಾಸಕ್ಕೆ ದೊಡ್ಡ ಯು. ಹಳೆಯ ವಿಳಾಸ ಅಲ್ಲೇ ಕೂತಿದ್ದರೆ ಕಂಟ್ರೋಲ್-ಯು ಒತ್ತಿ ಅಳಿಸಿ, ಇಲ್ಲದಿದ್ದರೆ ಹೊಸದು ಅದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡ ಟಿ ಹೊಸ ಟ್ಯಾಬ್ ತೆರೆಯುತ್ತದೆ, ಹೂಬ್ರಾಕೆಟ್ ಕೀಲಿಗಳು ಟ್ಯಾಬಿನಿಂದ ಟ್ಯಾಬಿಗೆ ಕರೆದೊಯ್ಯುತ್ತವೆ. ಓರೆಗೆರೆ ಒತ್ತಿ ಪದ ಹುಡುಕಬಹುದು. ಚಿಕ್ಕ ಯು ಬಹಳ ಉಪಯೋಗದ ಕೀಲಿ: ಕರ್ಸರ್ ನಿಂತಿರುವ ಕೊಂಡಿ ಎಲ್ಲಿಗೆ ಹೋಗುತ್ತದೆ ಎಂದು ತೆರೆಯದೆಯೇ ತೋರಿಸುತ್ತದೆ. ಅದು "ಜಾವಾಸ್ಕ್ರಿಪ್ಟ್" ಎಂದು ಶುರುವಾದರೆ ಎಂಟರ್ ಒತ್ತಿ ಪ್ರಯೋಜನವಿಲ್ಲ.

ಅರ್ಜಿ ತುಂಬುವ ಖಾನೆಗಳಲ್ಲಿ ಹೊಸಬರು ತಡವರಿಸುತ್ತಾರೆ. ಖಾನೆಯ ಮೇಲೆ ಕರ್ಸರ್ ಇಟ್ಟು ನೇರ ಟೈಪ್ ಮಾಡಿದರೆ ಡಬ್ಲ್ಯೂ3ಎಂ ಪ್ರತಿ ಅಕ್ಷರವನ್ನೂ ಆದೇಶ ಎಂದೇ ತಿಳಿಯುತ್ತದೆ, ಪುಟ ಎತ್ತೆತ್ತಲೋ ಹಾರುತ್ತದೆ. ಮೊದಲು ಎಂಟರ್ ಒತ್ತಬೇಕು. ಆಗ ಪರದೆಯ ಕೆಳಸಾಲಿನಲ್ಲಿ ಬರೆಯಲು ಜಾಗ ಬರುತ್ತದೆ, ಬರೆದು ಮತ್ತೆ ಎಂಟರ್. ಲಿಂಕ್ಸ್‌ನಲ್ಲಿ ಇದು ತಿರುಗುಮುರುಗು, ಖಾನೆಗೆ ಬಂದರೆ ನೇರ ಬರೆಯಬಹುದು. ಎರಡನ್ನೂ ಬಳಸುವವರ ಬೆರಳಿಗೆ ಇದು ಒಗ್ಗಲು ತುಸು ಹೊತ್ತು ಬೇಕು.

ಡಬ್ಲ್ಯೂ3ಎಂ ಗೆಲ್ಲುವುದು ಕೋಷ್ಟಕದಲ್ಲಿ. ಮಾರುಕಟ್ಟೆ, ತಳಿ, ಆವಕ, ಕನಿಷ್ಠ, ಗರಿಷ್ಠ ಎಂದು ಆರೇಳು ಕಂಬ ಇರುವ ಪಟ್ಟಿಯನ್ನು ಕಂಬಗಳಾಗಿಯೇ ಇಡುತ್ತದೆ, ಗೆರೆ ಬೇಕಾದಲ್ಲಿ ಗೆರೆಯನ್ನೂ ಎಳೆಯುತ್ತದೆ. ಲಿಂಕ್ಸ್ ಸರಳ ಕೋಷ್ಟಕವನ್ನು ಹೇಗೋ ನಿಭಾಯಿಸುತ್ತದೆ. ಕೋಷ್ಟಕದೊಳಗೆ ಕೋಷ್ಟಕ ಇದ್ದರೆ, ಅಥವಾ ಅಗಲ ಪರದೆಯನ್ನು ಮೀರಿದರೆ, ಖಾನೆಗಳನ್ನು ಒಂದರ ಕೆಳಗೊಂದು ಉದುರಿಸಿಬಿಡುತ್ತದೆ. ಆಮೇಲೆ ಯಾವ ಅಂಕಿ ಹುಣಸೆಹಣ್ಣಿನದು, ಯಾವುದು ಅಡಿಕೆಯದು ಎಂದು ಊಹಿಸಬೇಕು. ವ್ಯಾಪಾರದ ವಿಷಯದಲ್ಲಿ ಊಹೆ ಒಳ್ಳೆಯದಲ್ಲ.

ಇನ್ನು ಕನ್ನಡದ ಪಾಡು.

ಟರ್ಮಿನಲ್ ಎಂದರೆ ಚೌಕುಳಿ ಹಾಳೆ. ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಒಂದು ಖಾನೆ ಎಂದು ಎಣಿಸಿಕೊಂಡೇ ಅದನ್ನು ಕಟ್ಟಿದ್ದಾರೆ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರ ತುಂಡುತುಂಡಾಗಿ ಕೂತಿರುತ್ತದೆ. "ತುಮಕೂರು" ಕಣ್ಣಿಗೆ ನಾಲ್ಕು ಅಕ್ಷರ. ಒಳಗೆ ತ, ಕೊಂಬು, ಮ, ಕ, ಕೊಂಬಿನ ದೀರ್ಘ, ರ, ಕೊಂಬು ಎಂದು ಏಳು ಸಂಕೇತ. ಸಾಮಾನ್ಯವಾಗಿ ಬಳಕೆಯಲ್ಲಿರುವ ಅಗಲದ ಪಟ್ಟಿಯ ಪ್ರಕಾರ ಕೊಂಬಿಗೂ ಇಳಿಗೂ ತಲಾ ಒಂದು ಖಾನೆ, ಗುಡಿಸು ಮತ್ತು ಎತ್ವಕ್ಕೆ ಖಾನೆಯೇ ಇಲ್ಲ. ಹಾಗಾಗಿ ತುಮಕೂರಿಗೆ ಏಳು ಖಾನೆ, ತಿಪಟೂರಿಗೆ ಆರು, ಎರಡೇ ಅಕ್ಷರದ ಗುಬ್ಬಿಗೆ ನಾಲ್ಕು. ಬ್ರೌಸರ್‌ನ ಪಟ್ಟಿ ಒಂದು, ಟರ್ಮಿನಲ್‌ನ ಪಟ್ಟಿ ಇನ್ನೊಂದು ಆದರೆ ಸಾಲಿನ ಬಲಭಾಗ ಜಾರುತ್ತದೆ, ಕೋಷ್ಟಕದ ಗೆರೆ ಹಾವಿನ ಹಾಗೆ ಡೊಂಕಾಗುತ್ತದೆ. ಒತ್ತಕ್ಷರದ ಗತಿ ಇನ್ನೂ ಕಷ್ಟ. ಮೂಲ ಅಕ್ಷರ ಒಂದು ಖಾನೆಯಲ್ಲಿ, ಒತ್ತು ಮುಂದಿನ ಖಾನೆಯಲ್ಲಿ ಬಿದ್ದರೆ ಫಾಂಟಿಗೆ ಅವೆರಡನ್ನು ಕೂಡಿಸುವ ಅವಕಾಶವೇ ಸಿಗುವುದಿಲ್ಲ. "ಸ್ತ್ರೀ" ಎಂಬಲ್ಲಿ ಸ್, ತ್, ರೀ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಗ್ನೋಮ್ ಟರ್ಮಿನಲ್‌ನಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಅದರ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಖಾನೆಯ ಅಗಲವನ್ನು 1.0ರಿಂದ 1.2ರ ಸುಮಾರಿಗೆ ಏರಿಸಿದರೆ ಅಕ್ಷರಗಳು ಒಂದರ ಮೇಲೊಂದು ಹತ್ತುವುದು ಕಡಿಮೆಯಾಗುತ್ತದೆ, ಒತ್ತು ಮಾತ್ರ ಸರಿಹೋಗುವುದಿಲ್ಲ. ಕೆಡಿಇಯ ಕಾನ್ಸೋಲ್ ವಾಸಿ. ಎಂಎಲ್‌ಟರ್ಮ್ ಎಂಬ ಟರ್ಮಿನಲ್ಲನ್ನು ಬಹುಭಾಷೆಗೆಂದೇ ಮಾಡಿದ್ದು. "ಎಂಎಲ್‌ಟರ್ಮ್ --ಓಟಿಎಲ್" ಎಂದು ತೆರೆದರೆ ಫಾಂಟಿನೊಳಗಿನ ಜೋಡಣೆಯ ನಿಯಮಗಳನ್ನು ಬಳಸುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿದಾಗ ಬರುವ ಬರಿಯ ಕಪ್ಪು ಪರದೆಯಲ್ಲಿ ಕನ್ನಡದ ಆಸೆಯನ್ನೇ ಬಿಡಬೇಕು. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಆಕಾರ ಹಿಡಿಯುತ್ತವೆ, ಜೋಡಣೆ ಎಂಬುದೇ ಅಲ್ಲಿಲ್ಲ.

ಕನ್ನಡ ಫಾಂಟ್ ಇಲ್ಲದೆ ಬರಿ ಚೌಕ ಕಂಡರೆ "ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ". ಲೋಹಿತ್ ಜೊತೆಗೆ ಗುಬ್ಬಿ, ನವಿಲು ಎಂಬ ಫಾಂಟುಗಳೂ ಬರುತ್ತವೆ. (ಪಕ್ಕದಲ್ಲಿ ನವಿಲು ಇರುವುದರಿಂದ ಇದು ಹಕ್ಕಿಯ ಗುಬ್ಬಿ ಇರಬೇಕು, ನಮ್ಮ ತಾಲ್ಲೂಕಿನವರು ಹೆಮ್ಮೆಪಟ್ಟುಕೊಂಡರೂ ಅಡ್ಡಿಯಿಲ್ಲ.) ಚೌಕದ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ತಪ್ಪು ಫಾಂಟಿನದಲ್ಲ, ಲೊಕೇಲಿನದು (ಭಾಷೆ, ಅಕ್ಷರ ಸಂಕೇತ ಯಾವುದೆಂದು ಹೇಳುವ ಸೆಟ್ಟಿಂಗ್). "ಲೊಕೇಲ್" ಎಂದು ಹೊಡೆದು ನೋಡಿ; ಯೂನಿಕೋಡ್ ಬರೆಯುವ ಬಗೆಯಾದ ಯುಟಿಎಫ್-8 ಎಂಬುದು ಎಲ್ಲೂ ಇಲ್ಲದಿದ್ದರೆ "ಎಕ್ಸ್‌ಪೋರ್ಟ್ ಲ್ಯಾಂಗ್=ಸಿ.ಯುಟಿಎಫ್-8" ಕೊಟ್ಟು ಬ್ರೌಸರನ್ನು ಮತ್ತೆ ತೆರೆಯಿರಿ (ಲ್ಯಾಂಗ್, ಸಿ, ಯುಟಿಎಫ್ ಮೂರೂ ದೊಡ್ಡಕ್ಷರ). ಪುಟ ತನ್ನ ಸಂಕೇತ ಯಾವುದೆಂದು ಹೇಳಿಕೊಳ್ಳದಿದ್ದರೂ ಹೀಗೇ ಆಗುತ್ತದೆ. ಆಗ ಡಬ್ಲ್ಯೂ3ಎಂಗೆ "-ಐ ಯುಟಿಎಫ್-8" ಸೇರಿಸಬೇಕು, ಐ ದೊಡ್ಡದು. ಹಳೆಯ ತಾಣಗಳಲ್ಲಿ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟಿನ ಪಠ್ಯ ಇರುವುದುಂಟು. ಅಲ್ಲಿ ಒಳಗಿರುವುದು ನಿಜಕ್ಕೂ ಲ್ಯಾಟಿನ್ ಅಕ್ಷರಗಳೇ, ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಪಠ್ಯ ಬ್ರೌಸರ್ ಆ ವೇಷ ಕಳಚಿ ತೋರಿಸುತ್ತದೆ, ಅಷ್ಟೆ. ಅಂಥದ್ದನ್ನು ಪರಿವರ್ತಕಕ್ಕೆ ಹಾಕದೆ ಓದಲಾಗದು.

ಇಷ್ಟೆಲ್ಲ ರಗಳೆಯ ನಡುವೆ ನೆನಪಿಡಬೇಕಾದ್ದು, ಕೆಟ್ಟಿರುವುದು ತೋರಿಕೆ ಮಾತ್ರ. ಬಂದ ಪಠ್ಯ ಒಂದು ಚುಕ್ಕಿಯೂ ಹಾಳಾಗಿರುವುದಿಲ್ಲ. ಆದ್ದರಿಂದ ಕನ್ನಡದ ಉದ್ದ ಬರಹಗಳನ್ನು ಟರ್ಮಿನಲ್‌ನಲ್ಲೇ ಓದುವ ಹಟ ಬಿಟ್ಟು ಕಡತಕ್ಕೆ ಇಳಿಸಿಕೊಳ್ಳುವುದು ಜಾಣತನ:

ಡಬ್ಲ್ಯೂ3ಎಂ -ಡಂಪ್ -ಕೋಲ್ಸ್ 200 'ವಿಳಾಸ' > ಪುಟ.ಟಿಎಕ್ಸ್‌ಟಿ

ಈ ಕಡತವನ್ನು ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆದರೆ ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂಡುತ್ತದೆ. ಡಬ್ಲ್ಯೂಎಸ್ಎಲ್‌ನಲ್ಲಿದ್ದರೆ "ಎಕ್ಸ್‌ಪ್ಲೋರರ್.ಇಎಕ್ಸ್‌ಇ ." ಹೊಡೆದರೆ ಅದೇ ಫೋಲ್ಡರ್ ವಿಂಡೋಸ್‌ನಲ್ಲಿ ತೆರೆಯುತ್ತದೆ, ನೋಟ್‌ಪ್ಯಾಡಿನಲ್ಲಿ ಓದಬಹುದು. ಕೋಲ್ಸ್ ಎಂದರೆ ಸಿ-ಓ-ಎಲ್-ಎಸ್; 200 ಎಂಬ ಅಗಲ ಕೊಡುವುದು ಸಾಲುಗಳು ಎಂಬತ್ತು ಖಾನೆಗೇ ಮುರಿಯದಿರಲೆಂದು. ದರಪಟ್ಟಿಯಲ್ಲಿ ಕಂಬಗಳು ನೇರ ಇರಲೇಬೇಕೆಂದರೆ ತಾಣದ ಇಂಗ್ಲಿಷ್ ಆವೃತ್ತಿಯನ್ನೇ ಆರಿಸಿಕೊಳ್ಳಿ. ಕನ್ನಡಾಭಿಮಾನಕ್ಕೆ ನೋವಾದರೂ ಅಂಕಿ ತಪ್ಪುವುದಿಲ್ಲ.

ವಿಳಾಸವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡುವುದನ್ನು ಮರೆಯಬಾರದು. ವಿಳಾಸದ ಮಧ್ಯೆ ಆಂಪರ್ಸಂಡ್ ಇದ್ದರೆ ಶೆಲ್ (ಆದೇಶ ಓದಿ ನಡೆಸುವ ಪ್ರೋಗ್ರಾಮು) ಅಲ್ಲಿಗೇ ಆದೇಶ ಮುಗಿಯಿತೆಂದು ತಿಳಿದು ಅದನ್ನು ಹಿನ್ನೆಲೆಗೆ ತಳ್ಳುತ್ತದೆ. ನಿಮಗೆ ಬೇರೆ ಪುಟವೋ ಅರ್ಧ ಉತ್ತರವೋ ಬರುತ್ತದೆ. ಕನ್ನಡ ವಿಳಾಸಗಳ ಉದ್ದ ನೋಡಿ ಗಾಬರಿಯೂ ಬೇಡ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಪರ್ಸೆಂಟ್ ಗುರುತು ಸೇರಿ ಮೂರು ಅಕ್ಷರ. ತುಮಕೂರು ಎಂಬ ಒಂದು ಹೆಸರಿಗೇ 63 ಅಕ್ಷರ. ಡಬ್ಲ್ಯೂ3ಎಂನಲ್ಲಿ ಚಿಕ್ಕ ಓ ಒತ್ತಿ, ಆಯ್ಕೆಗಳಲ್ಲಿ ವಿಳಾಸವನ್ನು ಬಿಡಿಸಿ ತೋರಿಸುವುದನ್ನು ಚಾಲೂ ಮಾಡಿದರೆ ಕನ್ನಡದಲ್ಲೇ ಕಾಣುತ್ತದೆ.

ಕನ್ನಡ ವಿಕಿಪೀಡಿಯ ಈ ಬ್ರೌಸರ್‌ಗಳಲ್ಲಿ ಚೆನ್ನಾಗಿಯೇ ತೆರೆಯುತ್ತದೆ. ಲೇಖನಕ್ಕೆ ಮೊದಲು ಮೆನುಗಳ ದೊಡ್ಡ ಪಟ್ಟಿ ದಾಟಬೇಕಾಗುವುದೊಂದೇ ಕಿರಿಕಿರಿ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಆಕ್ಷನ್=ರೆಂಡರ್" ಸೇರಿಸಿದರೆ ಮೆನು ಎಲ್ಲ ಮಾಯವಾಗಿ ಲೇಖನದ ಮೈ ಮಾತ್ರ ಬರುತ್ತದೆ. ನಿಧಾನದ ಸಂಪರ್ಕದಲ್ಲಿ ಇದಕ್ಕಿಂತ ಹಗುರವಾಗಿ ವಿಕಿಪೀಡಿಯ ಓದುವ ದಾರಿ ಕಡಿಮೆ.

ಲಿಂಕ್ಸ್ 1992ರಲ್ಲಿ ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇವತ್ತಿಗೂ ತಿದ್ದುಪಡಿ ಕಾಣುತ್ತಿರುವ ಬ್ರೌಸರ್‌ಗಳಲ್ಲಿ ಇದೇ ಹಿರಿಯ. ಬಾಣದ ಕೀಲಿಗಳಲ್ಲೇ ಎಲ್ಲ ನಡೆಯುತ್ತದೆ: ಮೇಲೆ ಕೆಳಗೆ ಕೊಂಡಿಯಿಂದ ಕೊಂಡಿಗೆ, ಬಲಬಾಣ ಒಳಕ್ಕೆ, ಎಡಬಾಣ ಹಿಂದಕ್ಕೆ. ಚಿಕ್ಕ ಜಿ ಹೊಸ ವಿಳಾಸಕ್ಕೆ, ದೊಡ್ಡ ಜಿ ಈಗಿನ ವಿಳಾಸ ತಿದ್ದಲು, ಹಿಂಬದಿ ಓರೆಗೆರೆ ಮೂಲ ಎಚ್‌ಟಿಎಂಎಲ್ ನೋಡಲು. ಕೊಂಡಿಗಳು ನೂರಾರು ಇರುವ ಪುಟದಲ್ಲಿ ಬಾಣ ಒತ್ತಿ ಒತ್ತಿ ಬೆರಳು ನೋಯುತ್ತದೆ. ಚಿಕ್ಕ ಓ ಒತ್ತಿ ಆಯ್ಕೆಗಳಲ್ಲಿ ಕೊಂಡಿಗಳಿಗೆ ಸಂಖ್ಯೆ ಹಾಕುವುದನ್ನು ಆರಿಸಿ, ಆಮೇಲೆ ಸಂಖ್ಯೆ ಹೊಡೆದು ಎಂಟರ್. ಅದೇ ಪುಟದಲ್ಲಿ ಬಳಕೆದಾರರ ಮಟ್ಟವನ್ನು ಅಡ್ವಾನ್ಸ್‌ಡ್ ಮಾಡಿದರೆ ಪ್ರತಿ ಕೊಂಡಿಯ ನಿಜವಾದ ವಿಳಾಸ ಕೆಳಸಾಲಿನಲ್ಲಿ ಬರುತ್ತದೆ. ಬದಲಾವಣೆ ಉಳಿಯಬೇಕೆಂದರೆ ಪುಟದ ಮೇಲ್ಭಾಗದಲ್ಲಿ ಡಿಸ್ಕಿಗೆ ಉಳಿಸು ಎಂಬ ಚೌಕಕ್ಕೆ ಗುರುತು ಹಾಕಿಯೇ ಒಪ್ಪಿಗೆ ಕೊಡಬೇಕು. ಬಹುಪಾಲು ಮಂದಿ ಈ ಚೌಕವನ್ನು ಕಾಣುವುದೇ ಇಲ್ಲ, ಮರುದಿನ ಸೆಟ್ಟಿಂಗ್ ಹೋಯಿತು ಎನ್ನುತ್ತಾರೆ.

ಕುಕಿ (ನಿಮ್ಮ ಗುರುತಿಗೆ ತಾಣ ಕೊಡುವ ಚೀಟಿ) ಬಂದಾಗೆಲ್ಲ ಲಿಂಕ್ಸ್ ಕೇಳುತ್ತದೆ, ಒಂದೇ ಪುಟದಲ್ಲಿ ಹತ್ತು ಸಲ ಬೇಕಾದರೂ ಕೇಳುತ್ತದೆ. ಎ ಒತ್ತಿದರೆ ಆ ತಾಣಕ್ಕೆ ಸದಾ ಹೂಂ ಎಂದಂತೆ. ಅಥವಾ ಶುರುವಿನಲ್ಲೇ "-ಅಕ್ಸೆಪ್ಟ್_ಆಲ್_ಕುಕೀಸ್" ಸೇರಿಸಿ.

ಸ್ಕ್ರಿಪ್ಟಿಗೆ ಇದು ಹೇಳಿ ಮಾಡಿಸಿದ್ದು ಎನ್ನಲು ಕಾರಣ ಡಂಪ್ ಆಯ್ಕೆಗಳು. "ಲಿಂಕ್ಸ್ -ಡಂಪ್" ಪಠ್ಯದ ಕೊನೆಗೆ ಎಲ್ಲ ಕೊಂಡಿಗಳ ಪಟ್ಟಿಯನ್ನು ಸಂಖ್ಯೆಯೊಂದಿಗೆ ಕೊಡುತ್ತದೆ. ಅದು ಬೇಡವಾದರೆ "-ನೋಲಿಸ್ಟ್", ಅದೊಂದೇ ಬೇಕಾದರೆ "-ಲಿಸ್ಟ್‌ಓನ್ಲಿ". ವಿಶ್ವವಿದ್ಯಾಲಯದ ಸುತ್ತೋಲೆ ಪುಟದಿಂದ ಪಿಡಿಎಫ್ ಕೊಂಡಿಗಳನ್ನಷ್ಟೇ ಹೆಕ್ಕಲು "ಲಿಂಕ್ಸ್ -ಡಂಪ್ -ಲಿಸ್ಟ್‌ಓನ್ಲಿ 'ವಿಳಾಸ' | ಗ್ರೆಪ್ -ಐ ಪಿಡಿಎಫ್" ಎಂಬ ಒಂದೇ ಸಾಲು ಸಾಕು (ಗ್ರೆಪ್ ಎಂದರೆ ಪದ ಇರುವ ಸಾಲುಗಳನ್ನು ಹೆಕ್ಕುವ ಆದೇಶ).

403 ಎಂದು ಬಾಗಿಲು ಹಾಕುವ ಸರ್ವರ್‌ಗಳೂ ಇವೆ. ಲಿಂಕ್ಸ್ ತನ್ನನ್ನು ಪರಿಚಯಿಸಿಕೊಳ್ಳುವ ಸಾಲಿನಲ್ಲಿ ಲಿಬ್‌ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಎಂಬ ಪದ ಇರುತ್ತದೆ, ಕೆಲವು ಕಾವಲು ನಿಯಮಗಳು ಅದನ್ನು ಕಂಡೊಡನೆ ಯಂತ್ರ ಬಂತೆಂದು ತಡೆಯುತ್ತವೆ. "-ಯೂಸರ್‌ಏಜೆಂಟ್=" ಎಂದು ಬೇರೆ ಪರಿಚಯ ಕೊಡಬಹುದು. ಅದರೊಳಗೆ ಲಿಂಕ್ಸ್ ಎಂಬ ಹೆಸರೇ ಇಲ್ಲದಿದ್ದರೆ ಲಿಂಕ್ಸ್ ಮುನಿಸಿಕೊಂಡು ಎಚ್ಚರಿಕೆ ಕೊಡುತ್ತದೆ. ಹೆಸರಿನ ಅಕ್ಷರಗಳ ನಡುವೆ ಅಡಿಗೆರೆ ಹಾಕಿ ಎಲ್_ವೈ_ಎನ್_ಎಕ್ಸ್ ಎಂದು ಸೇರಿಸಿದರೆ ಅದಕ್ಕೂ ಸಮಾಧಾನ, ಸರ್ವರ್‌ಗೂ ಸಮಾಧಾನ. ಇನ್ನೊಂದು, ತಾಣ ಅಸಲಿಯೇ ಎಂದು ತೋರಿಸುವ ಪ್ರಮಾಣಪತ್ರದ ತಕರಾರು: ಫೈರ್‌ಫಾಕ್ಸ್‌ನಲ್ಲಿ ತೆರೆಯುವ ತಾಣ ಇಲ್ಲಿ ಎಸ್‌ಎಸ್‌ಎಲ್ ದೋಷ ಎನ್ನುತ್ತದೆ. ಸರ್ವರ್ ಮಧ್ಯಂತರ ಪ್ರಮಾಣಪತ್ರವನ್ನು ಕಳಿಸದಿದ್ದಾಗ ಹೀಗಾಗುವುದುಂಟು. ಫೈರ್‌ಫಾಕ್ಸ್ ಬಳಿ ಅದು ಮೊದಲೇ ಇರುತ್ತದೆ, ಲಿಂಕ್ಸ್ ಬಳಿ ಇರುವುದಿಲ್ಲ. ಮುಂದುವರಿಯಲೇ ಎಂದು ಕೇಳಿದಾಗ ದರಪಟ್ಟಿಗೆ ಹೂಂ ಎನ್ನಬಹುದು. ಪಾಸ್‌ವರ್ಡ್ ಕೊಡುವ ಪುಟಕ್ಕೆ ಎಂದಿಗೂ ಬೇಡ.

ತೆರೆಯದ ತಾಣಗಳ ಮಾತಿಗೆ ಬರೋಣ. ಗೂಗಲ್ ಹುಡುಕಾಟ 2025ರ ಜನವರಿಯಿಂದ ಜಾವಾಸ್ಕ್ರಿಪ್ಟ್ ಕೇಳುತ್ತಿದೆ, ಆದ್ದರಿಂದ ಇಲ್ಲಿ ನಡೆಯುವುದಿಲ್ಲ. ಡಕ್‌ಡಕ್‌ಗೋದ ಲೈಟ್ ಪುಟವನ್ನು ಇಂಥ ಬ್ರೌಸರ್‌ಗಳಿಗೆ ಹೊಂದುವಂತೆಯೇ ಮಾಡಿದ್ದಾರೆ, ಮೊದಲ ಪುಟವಾಗಿ ಅದನ್ನೇ ಇಟ್ಟುಕೊಳ್ಳಿ. ನೀವು ಮನುಷ್ಯರೇ ಎಂದು ಪರೀಕ್ಷಿಸುವ ಕ್ಲೌಡ್‌ಫ್ಲೇರ್ ಪರದೆ, ಕ್ಯಾಪ್ಚಾ, ಬ್ಯಾಂಕು, ಟಿಕೆಟ್ ಕಾಯ್ದಿರಿಸುವ ತಾಣ ಇವು ಯಾವುವೂ ದಾಟುವುದಿಲ್ಲ. ಜಿಲ್ಲೆ ಆರಿಸಿದ ಮೇಲೆ ತಾಲ್ಲೂಕಿನ ಪಟ್ಟಿ ತುಂಬಿಕೊಳ್ಳುವ ಅರ್ಜಿಗಳಲ್ಲಿ ತುಮಕೂರು ಆರಿಸಬಹುದು. ಹತ್ತು ತಾಲ್ಲೂಕಿನಲ್ಲಿ ಒಂದೂ ಬರುವುದಿಲ್ಲ, ಏಕೆಂದರೆ ಪಟ್ಟಿ ತುಂಬುವುದೇ ಸ್ಕ್ರಿಪ್ಟು. ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕಟ್ಟಿದ ಹಳೆಯ ಸರ್ಕಾರಿ ಮಾದರಿಯ ಪುಟಗಳಲ್ಲಿ "ಮುಂದಿನ ಪುಟ" ಎಂಬ ಕೊಂಡಿ ಕೂಡ ಡೂಪೋಸ್ಟ್‌ಬ್ಯಾಕ್ ಎಂಬ ಸ್ಕ್ರಿಪ್ಟ್ ಕರೆ ಆಗಿರುತ್ತದೆ.

ಒಂದು ತಾಣದ ಮೇಲೆ ಅರ್ಧ ಗಂಟೆ ಗುದ್ದಾಡುವ ಮೊದಲು ಹೀಗೆ ಪರೀಕ್ಷಿಸಿ. ಪುಟದ ಮೂಲ ತೆರೆಯಿರಿ, ಡಬ್ಲ್ಯೂ3ಎಂನಲ್ಲಿ ಚಿಕ್ಕ ವಿ. ಬೇಕಾದ ಅಂಕಿ ಮೂಲದಲ್ಲಿ ಇದೆಯೇ ಹುಡುಕಿ. ಇದ್ದರೆ ಇಂದಲ್ಲ ನಾಳೆ ಹೊರತೆಗೆಯಬಹುದು. ಇಲ್ಲದಿದ್ದರೆ ಯಾವ ಪಠ್ಯ ಬ್ರೌಸರ್ ತಂದರೂ ಬರುವುದಿಲ್ಲ. ಆಗ ಉಳಿಯುವ ದಾರಿ, ಒಮ್ಮೆ ಫೈರ್‌ಫಾಕ್ಸ್‌ನಲ್ಲಿ ಪುಟ ತೆರೆದು, ಎಫ್12 ಒತ್ತಿ, ನೆಟ್‌ವರ್ಕ್ ಪಟ್ಟಿಯಲ್ಲಿ ಆ ಅಂಕಿ ತಂದುಕೊಟ್ಟ ಕೋರಿಕೆಯನ್ನು ಗುರುತಿಸಿ, ಬಲಗುಂಡಿಯಿಂದ ಕರ್ಲ್ (ವಿಳಾಸದಿಂದ ಮಾಹಿತಿ ತರಿಸುವ ಪ್ರೋಗ್ರಾಮು) ಆದೇಶವಾಗಿ ನಕಲು ಮಾಡಿಕೊಳ್ಳುವುದು. ಆಮೇಲೆ ಕರ್ಲ್ ಸಾಕು.

ಪರದೆಯಿಲ್ಲದ ಸರ್ವರನ್ನೋ ರಾಸ್‌ಬೆರಿ ಪೈಯನ್ನೋ ಹಾಸ್ಟೆಲ್ ವೈಫೈಗೆ ಸೇರಿಸುವಾಗ ಲಾಗಿನ್ ಪುಟ ಬರುತ್ತದಲ್ಲ, ಅಲ್ಲಿ ಈ ಬ್ರೌಸರ್‌ಗಳು ಕೈಹಿಡಿಯುತ್ತವೆ. ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಂ ಎಂಬ ಎಚ್‌ಟಿಟಿಪಿ ತಾಣವನ್ನು ತೆರೆಯಲು ಹೋದರೆ ವೈಫೈ ತಾನಾಗಿಯೇ ತನ್ನ ಲಾಗಿನ್ ಪುಟಕ್ಕೆ ತಿರುಗಿಸುತ್ತದೆ. ಸಾದಾ ಅರ್ಜಿಯಾದರೆ ಹೆಸರು, ಪಾಸ್‌ವರ್ಡ್ ಕೊಟ್ಟು ಮುಗಿಸಬಹುದು. ಲಾಗಿನ್ ಗುಂಡಿಗೂ ಜಾವಾಸ್ಕ್ರಿಪ್ಟ್ ಕಟ್ಟಿದ್ದರೆ ಫೋನಿನ ಹಾಟ್‌ಸ್ಪಾಟೇ ಗತಿ.

ದಿನಾ ಸಂಜೆ ದರ ತಾನಾಗಿಯೇ ಇಳಿಯಲಿ ಎಂದು, ಹೇಳಿದ ಹೊತ್ತಿಗೆ ಆದೇಶ ಓಡಿಸುವ ಕ್ರಾನ್‌ಗೆ ಹಾಕುವವರು ಎರಡು ಕಡೆ ಮುಗ್ಗರಿಸುತ್ತಾರೆ. ಕೈಯಲ್ಲಿ ಓಡಿಸಿದಾಗ ಸರಿಯಿದ್ದ ಕನ್ನಡ ಕ್ರಾನ್‌ನಲ್ಲಿ ಕೆಡುತ್ತದೆ: ಕ್ರಾನ್ ನಿಮ್ಮ ಬ್ಯಾಶ್‌ಆರ್‌ಸಿಯನ್ನು ಓದುವುದಿಲ್ಲ, ಹಾಗಾಗಿ ಯುಟಿಎಫ್-8 ಲೊಕೇಲ್ ಅದಕ್ಕೆ ಗೊತ್ತಿರುವುದಿಲ್ಲ. ಎರಡನೆಯದು ಪರ್ಸೆಂಟ್ ಗುರುತು. ಕ್ರಾಂಟ್ಯಾಬ್ (ಕ್ರಾನ್ ಓದುವ ಪಟ್ಟಿ) ಸಾಲಿನಲ್ಲಿ ಅದಕ್ಕೆ ಹೊಸ ಸಾಲು ಎಂಬ ಬೇರೆಯೇ ಅರ್ಥ. ಕನ್ನಡ ವಿಳಾಸದ ತುಂಬ ಪರ್ಸೆಂಟ್ ಇರುವುದರಿಂದ ಆದೇಶ ಮೊದಲ ಪರ್ಸೆಂಟಿಗೇ ಕತ್ತರಿಸಿಹೋಗುತ್ತದೆ. ಆದೇಶವನ್ನೆಲ್ಲ ಒಂದು ಸ್ಕ್ರಿಪ್ಟ್ ಕಡತಕ್ಕೆ ಹಾಕಿ, ಮೊದಲ ಸಾಲುಗಳಲ್ಲೇ ಲ್ಯಾಂಗ್ ನಿಗದಿಮಾಡಿ, ಕ್ರಾಂಟ್ಯಾಬಿನಲ್ಲಿ "30 18 * * 1-6" ಎಂದು ಬರೆದು ಆ ಕಡತದ ದಾರಿ ಕೊಟ್ಟರೆ ಎರಡೂ ಬಗೆಹರಿಯುತ್ತವೆ; ಸೋಮವಾರದಿಂದ ಶನಿವಾರದವರೆಗೆ ಸಂಜೆ ಆರೂವರೆಗೆ ಓಡುತ್ತದೆ. ನಿಮಿಷಕ್ಕೊಮ್ಮೆ ಓಡಿಸಬೇಡಿ. ದಿನಕ್ಕೊಮ್ಮೆ ಬದಲಾಗುವ ಪಟ್ಟಿಗೆ ಅದು ಬೇಕಿಲ್ಲ, ಸರ್ವರ್ ನಿಮ್ಮನ್ನು ತಡೆದರೆ ದೂರುವಂತೆಯೂ ಇಲ್ಲ.

ಇಳಿದ ಪಠ್ಯದಲ್ಲಿ ಊರಿನ ಹೆಸರು ಗ್ರೆಪ್ ಮಾಡುವಾಗ ಎಲ್ಲ ರೂಪವನ್ನೂ ಕೊಡಿ. ಊರಿನ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ತುಮಕೂರು ಎಂದಾಗಿದ್ದರೂ ತಾಣಗಳಲ್ಲಿ ಇಂಗ್ಲಿಷಿನ ಹಳೆಯ ತುಮ್ಕೂರ್ ಇನ್ನೂ ಓಡಾಡುತ್ತಿದೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಕಣ್ಣಿಗೆ ಕಾಣದ ಬಿಡಿಸುವ ಸಂಕೇತವನ್ನು ಶಂಕಿಸಿ: "ಮಾರ್ಕೆಟ್‌ನಲ್ಲಿ" ಎಂಬುದರ ಟ್ ಮತ್ತು ನ ನಡುವೆ ಅದು ಕೂತಿರುತ್ತದೆ, ನೀವು ಹೊಡೆದದ್ದರಲ್ಲಿ ಇರುವುದಿಲ್ಲ, ಗ್ರೆಪ್‌ಗೆ ಎರಡೂ ಬೇರೆ ಬೇರೆ. ಪದದ ಮೊದಲ ಭಾಗವನ್ನಷ್ಟೇ ಹುಡುಕುವುದು ಸುಲಭದ ಪರಿಹಾರ.

ಉಳಿದವುಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಲಿಂಕ್ಸ್-2ರಲ್ಲಿ ಎಸ್ಕೇಪ್ ಒತ್ತಿದರೆ ಮೆನು ಇಳಿಯುತ್ತದೆ, ಕೀಲಿ ನೆನಪಿಡಲಾಗದವರಿಗೆ ಅನುಕೂಲ. "-ಜಿ" ಹಾಕಿದರೆ ಚಿತ್ರಗಳನ್ನೂ ತೋರಿಸುತ್ತದೆ, ಆದರೆ ಆಗ ತನ್ನೊಳಗಿನ ಫಾಂಟನ್ನೇ ಬಳಸುವುದರಿಂದ ನೀವು ಹಾಕಿಕೊಂಡ ಕನ್ನಡ ಫಾಂಟ್ ಕೆಲಸಕ್ಕೆ ಬರುವುದಿಲ್ಲ. ಇ-ಲಿಂಕ್ಸ್ ಅದರದೇ ಕವಲು, ಟ್ಯಾಬ್, ಬಣ್ಣ ಇವೆ. 2018ರಲ್ಲಿ ಬಂದ ಬ್ರೌಶ್ ಬೇರೆಯೇ ಜಾತಿ: ಹಿಂದೆ ಪೂರ್ತಿ ಫೈರ್‌ಫಾಕ್ಸನ್ನು ಓಡಿಸಿ ಅದರ ಪರದೆಯನ್ನು ಅಕ್ಷರಗಳಾಗಿ ಕಳಿಸುತ್ತದೆ. ಜಾವಾಸ್ಕ್ರಿಪ್ಟ್ ತಾಣಗಳು ತೆರೆಯುತ್ತವೆ ನಿಜ. ಆದರೆ ನಿಮ್ಮದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿದರೆ ಫೈರ್‌ಫಾಕ್ಸಿನ ಭಾರವೂ ಅಲ್ಲೇ, ಡೇಟಾ ಖರ್ಚೂ ಅಷ್ಟೇ. ದೂರದ ಬಾಡಿಗೆ ಸರ್ವರ್‌ನಲ್ಲಿ ಹಾಕಿ ಎಸ್‌ಎಸ್‌ಎಚ್ (ದೂರದ ಯಂತ್ರದ ಟರ್ಮಿನಲ್ಲಿಗೆ ಸಂಪರ್ಕ) ಮೂಲಕ ನೋಡಿದರೆ ಮಾತ್ರ ಅದಕ್ಕೆ ಅರ್ಥ.

ಕಣ್ಣು ಕಾಣದವರಿಗೆ ಲಿಂಕ್ಸ್ ಇವತ್ತಿಗೂ ಒಳ್ಳೆಯ ಜೊತೆಗಾರ. ಪುಟ ಒಂದೇ ಧಾರೆಯಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ ಸ್ಕ್ರೀನ್ ರೀಡರ್ ತಡವರಿಸುವುದಿಲ್ಲ. ಕೋಷ್ಟಕವನ್ನು ಉದುರಿಸುವ ಅದರ ದೋಷ ಇಲ್ಲಿ ಅಷ್ಟಾಗಿ ಬಾಧಿಸದು. ಈಸ್ಪೀಕ್ ಎನ್‌ಜಿಯಲ್ಲಿ ಕನ್ನಡದ ದನಿಯೂ ಇದೆ, ದನಿ ಯಂತ್ರದ್ದೇ ಆದರೂ ಪದ ತಿಳಿಯುತ್ತದೆ. ತಾಣ ಕಟ್ಟುವವರೂ ತಮ್ಮ ಪುಟವನ್ನು ಒಮ್ಮೆ ಲಿಂಕ್ಸ್‌ನಲ್ಲಿ ತೆರೆದು ನೋಡಬೇಕು. ಚಿತ್ರಕ್ಕೆ ಪರ್ಯಾಯ ಪಠ್ಯ ಬರೆಯದಿದ್ದರೆ ಚಿತ್ರದ ಜಾಗದಲ್ಲಿ ಕಡತದ ಹೆಸರು ಬ್ರಾಕೆಟ್ಟಿನೊಳಗೆ ಬಂದು ನಿಲ್ಲುತ್ತದೆ. ಕೇಳುವವರ ಕಿವಿಗೆ ಬೀಳುವುದೂ ಅದೇ.

ಕೊನೆಗೆ ಪಿಡಿಎಫ್. ಸುತ್ತೋಲೆ ಎಂದರೆ ಪಿಡಿಎಫ್ ಎಂಬಂತಾಗಿರುವುದರಿಂದ ಇದನ್ನು ಬಿಡುವಂತಿಲ್ಲ. "ಪಾಪ್ಲರ್-ಯುಟಿಲ್ಸ್" ಹಾಕಿಕೊಂಡರೆ ಪಿಡಿಎಫ್‌ಟುಟೆಕ್ಸ್ಟ್ ಬರುತ್ತದೆ. ಡಬ್ಲ್ಯೂ3ಎಂನಲ್ಲಿ ಪಿಡಿಎಫ್ ಕೊಂಡಿಯ ಮೇಲೆ ಚಿಕ್ಕ ಎ ಒತ್ತಿ ಇಳಿಸಿ, "ಪಿಡಿಎಫ್‌ಟುಟೆಕ್ಸ್ಟ್ -ಲೇಔಟ್" ಮುಂದೆ ಕಡತದ ಹೆಸರು ಕೊಡಿ. ಪಠ್ಯದ ಬದಲು ಲ್ಯಾಟಿನ್ ಗೊಜ್ಜು ಬಂದರೆ ಅದು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಏನೂ ಬಾರದಿದ್ದರೆ ಕಾಗದವನ್ನು ಸ್ಕ್ಯಾನ್ ಮಾಡಿ ಹಾಕಿದ್ದು. ಎರಡಕ್ಕೂ ಚಿತ್ರದಿಂದ ಅಕ್ಷರ ಗುರುತಿಸುವ "ಟೆಸೆರಾಕ್ಟ್-ಓಸಿಆರ್-ಕ್ಯಾನ್" ಪೊಟ್ಟಣ ಬೇಕು (ಕ್ಯಾನ್ ಎಂದರೆ ಕೆ-ಎ-ಎನ್). ಮೊದಲು "ಪಿಡಿಎಫ್‌ಟುಪಿಪಿಎಂ -ಆರ್ 300 -ಪಿಎನ್‌ಜಿ" ಕೊಟ್ಟು ಪುಟಗಳನ್ನು ಚಿತ್ರ ಮಾಡಿ, ಆಮೇಲೆ ಪ್ರತಿ ಚಿತ್ರಕ್ಕೂ "ಟೆಸೆರಾಕ್ಟ್ ... -ಎಲ್ ಕ್ಯಾನ್+ಇಎನ್‌ಜಿ". ಇಂಚಿಗೆ 300 ಚುಕ್ಕಿಗಿಂತ ಕಡಿಮೆ ಇಟ್ಟರೆ ಒತ್ತಕ್ಷರಗಳು ಒಂದರ ಬದಲು ಒಂದಾಗಿ ಬರುವುದು ಹೆಚ್ಚು, ಮತ್ತು ದಿನಾಂಕ, ಮೊತ್ತಗಳನ್ನು ಮೂಲ ಚಿತ್ರದೊಂದಿಗೆ ಕಣ್ಣಿಟ್ಟು ಹೋಲಿಸದೆ ಯಾರಿಗೂ ಕಳಿಸಬೇಡಿ.